ದಪ್ಪ ಸಿಗಾರ್ ಎಲ್ಲಾ ಸ್ಟ್ರಾಂಗ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸಿಗಾರ್ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಬೆಂಗಳೂರಿನ ಹುಡುಗರು ಬಡ್ತಿ ಸಿಕ್ಕಿತು, ಮಗು ಹುಟ್ಟಿತು ಅಂತ ಸಿಗಾರ್ ಹಚ್ಚುವುದು ಜಾಸ್ತಿಯಾಗಿದೆ ಅನ್ನುವುದು ಅದರ ವಿಷಯ. ಇರಬಹುದು, ನನಗೆ ತಕರಾರಿಲ್ಲ. ಆದರೆ ಪಕ್ಕದಲ್ಲಿ ಬಾಕ್ಸ್ ಹಾಕಿ ಹೊಸಬರಿಗೆ ಸಲಹೆ ಕೊಟ್ಟಿದ್ದೀರಲ್ಲ, ದಪ್ಪ ಸಿಗಾರ್ ಸ್ಟ್ರಾಂಗ್, ಕಪ್ಪು ಸಿಗಾರ್ ಇನ್ನೂ ಸ್ಟ್ರಾಂಗ್, ಹಾಗಾಗಿ ತೆಳ್ಳಗೆ ಉದ್ದಕ್ಕೆ ಇರುವುದರಿಂದ ಶುರು ಮಾಡಿ ಅಂತ, ಅದು ಮೂರಕ್ಕೆ ಮೂರೂ ತಪ್ಪು. ಅದನ್ನು ನಂಬಿ ಯಾರಾದರೂ ಅಂಗಡಿಗೆ ಹೋದರೆ ದುಡ್ಡೂ ಹೋಗುತ್ತದೆ, ಹೊಟ್ಟೆಯೂ ಕೆಡುತ್ತದೆ.

ನಾನು ಹೇಳುವುದಕ್ಕೆ ಕಾರಣ ಇದೆ. ದುಬೈಯಲ್ಲಿ ಸಿಗಾರ್ ಮಾರುವ ಅಂಗಡಿಯ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತವನು ನಾನು. ಈಗ ಊರಿಗೆ ಬಂದು ಕೂತಿದ್ದೇನೆ, ಯಾವ ಅಂಗಡಿಯ ಜೊತೆಗೂ ವ್ಯವಹಾರ ಇಲ್ಲ. ಕೆಳಗೆ ಕೆಲವು ಬ್ರ್ಯಾಂಡುಗಳ ಹೆಸರು ಬರುತ್ತವೆ. ಅವು ಉದಾಹರಣೆಗೆ ಮಾತ್ರ, ಹೆಸರಿಲ್ಲದೆ ಈ ವಿಷಯ ವಿವರಿಸುವುದು ಕಷ್ಟ.

ನಮ್ಮ ಕಡೆಯ ಗಿರಾಕಿಗಳು, ಅಂದರೆ ಮಂಗಳೂರು, ಬೆಂಗಳೂರು, ಹುಬ್ಬಳ್ಳಿ ಕಡೆಯವರು ಒಳಗೆ ಬಂದರೆ ಕೇಳುತ್ತಿದ್ದುದು ಎರಡೇ ಪ್ರಶ್ನೆ. ಎಲ್ಲಕ್ಕಿಂತ ದೊಡ್ಡದು ಯಾವುದು? ಎಲ್ಲಕ್ಕಿಂತ ದುಬಾರಿ ಯಾವುದು? ಸಿನಿಮಾದ ವಿಲನ್ ಕೈಯಲ್ಲಿ ನೋಡಿದ್ದು ತಲೆಯಲ್ಲಿ ಕೂತಿರುತ್ತದೆ, ಅವರ ತಪ್ಪಲ್ಲ. ನಾನು ತಿರುಗಿ ಕೇಳುತ್ತಿದ್ದೆ: ಕೂತು ಸೇದಲು ನಿಮಗೆ ಎಷ್ಟು ಹೊತ್ತು ಇದೆ? ಮುಕ್ಕಾಲು ಗಂಟೆಯೋ, ಎರಡು ಗಂಟೆಯೋ? ಅಳತೆ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ. ಎಷ್ಟು ಸ್ಟ್ರಾಂಗ್ ಅನ್ನುವುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಅಳತೆಯಲ್ಲಿ ಸಿಗುವುದಿಲ್ಲ.

ಅಳತೆಯ ಲೆಕ್ಕ ಸುಲಭ. ಉದ್ದವನ್ನು ಇಂಚಿನಲ್ಲಿ ಹೇಳುತ್ತಾರೆ. ದಪ್ಪಕ್ಕೆ ರಿಂಗ್ ಗೇಜ್ ಅಂತ ಒಂದು ಸಂಖ್ಯೆ ಇದೆ, ಒಂದು ರಿಂಗ್ ಅಂದರೆ ಇಂಚಿನ 64ರಲ್ಲಿ ಒಂದು ಭಾಗ. 64 ರಿಂಗ್ ಅಂದರೆ ಸರಿಯಾಗಿ ಒಂದು ಇಂಚು ದಪ್ಪ. 50 ರಿಂಗ್ ಅಂದರೆ ಹೆಚ್ಚುಕಡಿಮೆ 20 ಮಿಲಿಮೀಟರ್. ಅಂಗಡಿಯಲ್ಲಿ 5 x 50 ಅಂತ ಬರೆದಿದ್ದರೆ ಐದು ಇಂಚು ಉದ್ದ, 50 ರಿಂಗ್ ದಪ್ಪ ಅಂತ ಓದಿಕೊಳ್ಳಿ.

ಈ 5 x 50 ಸುಮಾರಿನದಕ್ಕೆ ರೋಬುಸ್ಟೋ ಅನ್ನುತ್ತಾರೆ. ಕ್ಯೂಬಾದ ರೋಬುಸ್ಟೋ 124 ಮಿಲಿಮೀಟರ್ ಉದ್ದ, ಆರಾಮಾಗಿ ಸೇದಿದರೆ ಮುಕ್ಕಾಲರಿಂದ ಒಂದು ಗಂಟೆ ಬರುತ್ತದೆ. ಅದಕ್ಕಿಂತ ಸಪೂರದ್ದು ಪೆಟಿಟ್ ಕರೋನಾ, 129 ಮಿಲಿಮೀಟರ್ ಉದ್ದ, 42 ರಿಂಗ್, ಅರ್ಧ ಗಂಟೆಗೆ ಸ್ವಲ್ಪ ಮೇಲೆ. ಮಾಂಟೆಕ್ರಿಸ್ಟೊ ನಂಬರ್ 4 ಈ ಅಳತೆಯದು. ಆರು ಇಂಚು ಉದ್ದದ 50-52 ರಿಂಗಿನದು ಟೋರೊ. ಏಳು ಇಂಚು, 47 ರಿಂಗಿನದು ಚರ್ಚಿಲ್, ಇದಕ್ಕೆ ಒಂದೂವರೆ ಗಂಟೆ ಬೇಕೇ ಬೇಕು. ನೀವು ಹೊಸಬರಿಗೆ ಶಿಫಾರಸು ಮಾಡಿದ ತೆಳ್ಳಗಿನ ಉದ್ದನೆಯದು ಲ್ಯಾನ್ಸೆರೊ, 192 ಮಿಲಿಮೀಟರ್ ಉದ್ದ, ದಪ್ಪ ಬರೀ 38 ರಿಂಗ್. ಈಚೆಗೆ ಅಮೆರಿಕದ ಗಿರಾಕಿಗಳಿಗೆ ಅಂತ 60 ರಿಂಗಿನ ಗಾರ್ಡೊ ಕೂಡ ಬಂದಿದೆ. ಅದನ್ನು ಬಾಯಲ್ಲಿ ಹಿಡಿಯುವುದೇ ಒಂದು ಕೆಲಸ, ನನಗಂತೂ ಇಷ್ಟವಿಲ್ಲ. ಈ ಹೆಸರುಗಳನ್ನು ಜಾಸ್ತಿ ನೆಚ್ಚಿಕೊಳ್ಳಬೇಡಿ. ಒಂದು ಕಂಪನಿಯ ಟೋರೊ ಇನ್ನೊಂದು ಕಂಪನಿಯ ಟೋರೊ ಥರವೇ ಇರುವುದಿಲ್ಲ. ಸಂಖ್ಯೆ ನೋಡಿ.

ಲ್ಯಾನ್ಸೆರೊ ಹೊಸಬರಿಗೆ ಯಾಕೆ ಬೇಡ ಅಂದರೆ, ತೆಳ್ಳಗಿನ ಸಿಗಾರ್ ಬೇಗ ಬಿಸಿಯಾಗುತ್ತದೆ. ಹೊಸಬರು ಸಿಗರೇಟಿನ ಅಭ್ಯಾಸದಲ್ಲಿ ಪಟಪಟ ಎಳೆಯುತ್ತಾರೆ. ಹಾಗೆ ಎಳೆದರೆ ಹೊಗೆ ಸುಡುತ್ತದೆ, ಬಾಯಿ ಕಹಿಯಾಗುತ್ತದೆ. ಮೇಲಾಗಿ ಅಷ್ಟು ಸಪೂರದಲ್ಲಿ ಎಲೆ ತುಂಬಿ ಸುತ್ತುವುದು ಕಷ್ಟದ ಕೆಲಸ, ಕೈ ಸ್ವಲ್ಪ ಬಿಗಿಯಾದರೂ ಗಾಳಿ ಆಡುವುದಿಲ್ಲ, ಹೊಗೆ ಬರುವುದಿಲ್ಲ, ಸೇದುವವನು ಇನ್ನೂ ಜೋರಾಗಿ ಎಳೆಯುತ್ತಾನೆ, ಇನ್ನೂ ಬಿಸಿ. ಹಳೆಯ ಕೈಗಳು ಲ್ಯಾನ್ಸೆರೊ ಇಷ್ಟಪಡುವುದಕ್ಕೆ ಕಾರಣ ಬೇರೆ. ತೆಳ್ಳಗಿನದರಲ್ಲಿ ಒಳಗಿನ ಎಲೆಗಿಂತ ಹೊರಗೆ ಸುತ್ತಿದ ಎಲೆಯ ರುಚಿ ಎದ್ದು ಕಾಣುತ್ತದೆ, ಅದು ಅವರಿಗೆ ಬೇಕು. ಆ ರುಚಿ ಗುರುತಿಸಲು ನಾಲಿಗೆ ಪಳಗಿರಬೇಕು. ದಪ್ಪಗಿರುವುದು ನಿಧಾನಕ್ಕೆ, ತಣ್ಣಗೆ ಉರಿಯುತ್ತದೆ, ಹೊಸಬರ ಅವಸರವನ್ನು ಅಷ್ಟು ಬೇಗ ಶಿಕ್ಷಿಸುವುದಿಲ್ಲ. ದಪ್ಪ ಅಂದರೆ ಸ್ಟ್ರಾಂಗ್ ಅನ್ನುವ ಮಾತು ಎಷ್ಟು ಉಲ್ಟಾ ಅಂತ ಈಗ ಗೊತ್ತಾಯಿತಲ್ವಾ?

ಹಾಗಾದರೆ ಸ್ಟ್ರಾಂಗ್ ಆಗುವುದು ಯಾವುದರಿಂದ? ಒಳಗಿನ ಎಲೆಯಿಂದ. ಹೊಗೆಸೊಪ್ಪಿನ ಗಿಡದ ಕೆಳಗಿನ ಎಲೆಗೆ ಕ್ಯೂಬಾದಲ್ಲಿ ವೊಲಾಡೊ ಅನ್ನುತ್ತಾರೆ, ಅದಕ್ಕೆ ರುಚಿ ಕಡಿಮೆ, ಆದರೆ ಚೆನ್ನಾಗಿ ಉರಿಯುತ್ತದೆ. ನಡುವಿನ ಎಲೆ ಸೆಕೊ, ಪರಿಮಳ ಕೊಡುವುದು ಅದು. ತುದಿಯ ಎಲೆ ಲಿಗೆರೊ. ಬಿಸಿಲು ಜಾಸ್ತಿ ಬೀಳುವುದು ಇದಕ್ಕೇ, ಹಾಗಾಗಿ ದಪ್ಪ, ಎಣ್ಣೆ ಎಣ್ಣೆ, ನಿಕೋಟಿನ್ ಜಾಸ್ತಿ, ಉರಿಯುವುದು ನಿಧಾನ. ಸುತ್ತುವವರು ಲಿಗೆರೊವನ್ನು ಯಾವಾಗಲೂ ನಟ್ಟನಡುವೆ ಇಡುತ್ತಾರೆ, ಅಂಚಿಗೆ ಬಂದರೆ ಸಿಗಾರ್ ಒಂದೇ ಕಡೆ ಉರಿಯುತ್ತದೆ. ಲಿಗೆರೊ ಎಷ್ಟು ಹಾಕಿದ್ದಾರೆ ಅನ್ನುವುದರ ಮೇಲೆ ಸಿಗಾರ್ ಎಷ್ಟು ಸ್ಟ್ರಾಂಗ್ ಅನ್ನುವುದು ನಿಂತಿದೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಎರಡು ಕ್ಯೂಬನ್ ಸಿಗಾರ್ ಪಕ್ಕಪಕ್ಕ ಇಟ್ಟು ನೋಡಿ. ಹೋಯೊ ಡಿ ಮಾಂಟೆರೆ ಎಪಿಕ್ಯೂರ್ ನಂಬರ್ 2, ಪಾರ್ಟಗಾಸ್ ಸೀರೀ ಡಿ ನಂಬರ್ 4. ಎರಡೂ ರೋಬುಸ್ಟೋ, ಎರಡೂ 124 ಮಿಲಿಮೀಟರ್, ಎರಡೂ 50 ರಿಂಗ್. ಮೊದಲನೆಯದು ಮೆದು. ಎರಡನೆಯದು ಖಾರ, ಘಾಟು, ಖಾಲಿ ಹೊಟ್ಟೆಯಲ್ಲಿ ಸೇದಿದರೆ ಕುರ್ಚಿ ಹಿಡಿದುಕೊಳ್ಳಬೇಕು. ಅಳತೆಯಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ.

ಬಣ್ಣದ ಕಥೆಯೂ ಹಾಗೆಯೇ. ಕಪ್ಪಗಿನ ಹೊರ ಎಲೆಗೆ ಮದುರೊ ಅನ್ನುತ್ತಾರೆ. ಮೆಕ್ಸಿಕೋದ ಸಾನ್ ಆಂಡ್ರೆಸ್ ಎಲೆ, ಅಮೆರಿಕದ ಕನೆಕ್ಟಿಕಟ್ ಬ್ರಾಡ್‌ಲೀಫ್ ಎಲೆ ಇದಕ್ಕೆ ಹೆಸರುವಾಸಿ. ದಪ್ಪ ಎಲೆಯನ್ನು ರಾಶಿ ಹಾಕಿ ಜಾಸ್ತಿ ಹೊತ್ತು, ಜಾಸ್ತಿ ಬಿಸಿಯಲ್ಲಿ ಹುದುಗು ಬರಿಸುವುದರಿಂದ ಅದು ಕಪ್ಪಾಗುತ್ತದೆ. ಅದರ ಜೊತೆಗೆ ಒಂದು ಸಿಹಿಯೂ ಬರುತ್ತದೆ, ಕೊಕೊ, ಕಾಫಿ ಥರದ್ದು. ಎಷ್ಟೋ ಹೊಸಬರಿಗೆ ಮದುರೊನೇ ಹಿಡಿಸುತ್ತದೆ. ತಿಳಿ ಬಣ್ಣದ್ದು ಕನೆಕ್ಟಿಕಟ್ ಶೇಡ್. ಗಿಡಗಳ ಮೇಲೆ ತೆಳು ಬಟ್ಟೆಯ ಚಪ್ಪರ ಹಾಕಿ ನೆರಳಲ್ಲಿ ಬೆಳೆಯುವ ಎಲೆ ಅದು. ಅದೇ ತಳಿಯನ್ನು ಈಕ್ವೆಡಾರ್‌ನಲ್ಲೂ ಬೆಳೆಯುತ್ತಾರೆ, ಅಲ್ಲಿ ಆಕಾಶದ ತುಂಬ ಮೋಡ ಇರುವುದರಿಂದ ಬಟ್ಟೆಯ ಖರ್ಚೇ ಇಲ್ಲ. ಈ ಎಲೆ ಸುತ್ತಿದ್ದು ಸಾಮಾನ್ಯವಾಗಿ ಮೆದು ಇರುತ್ತದೆ ಅನ್ನುವುದು ನಿಜ. ಆದರೆ ಅದಕ್ಕೆ ಕಾರಣ ಒಳಗೂ ಮೆದು ಎಲೆ ತುಂಬಿರುತ್ತಾರೆ ಅನ್ನುವುದು. ತಿಳಿ ಬಣ್ಣದ ಅಂಗಿ ತೊಡಿಸಿ ಒಳಗೆ ನಿಕರಾಗುವಾದ ಎಸ್ತೆಲಿ ಕಡೆಯ ಲಿಗೆರೊ ತುಂಬಿದರೆ ಬಣ್ಣ ಏನು ಮಾಡೀತು?

ಇನ್ನೊಂದು ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ರಾಜ್ಯದ ಓದುಗರಿಗೆ ಹತ್ತಿರದ್ದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಇಷ್ಟೊಂದು ತಂಬಾಕು ಬೆಳೆಯುತ್ತೇವೆ, ನಮ್ಮದರಲ್ಲೇ ಸಿಗಾರ್ ಮಾಡಬಹುದಲ್ಲ ಅಂತ ನನಗೆ ಎಷ್ಟೋ ಜನ ಕೇಳಿದ್ದಾರೆ. ಆಗುವುದಿಲ್ಲ. ಹುಣಸೂರಿನ ರೈತ ಎಲೆಯನ್ನು ಬ್ಯಾರನ್‌ನಲ್ಲಿ, ಅಂದರೆ ಎಲೆ ಒಣಗಿಸುವ ಮನೆಯಲ್ಲಿ ಕಟ್ಟಿ, ಸೌದೆ ಉರಿ ಹಾಕಿ, ಬಿಸಿ ಗಾಳಿಯಲ್ಲಿ ಐದಾರು ದಿನದಲ್ಲಿ ಬೇಯಿಸಿಬಿಡುತ್ತಾನೆ. ಎಲೆ ಹಳದಿಯಾಗುತ್ತದೆ, ಅದರೊಳಗಿನ ಸಕ್ಕರೆ ಹಾಗೆಯೇ ಉಳಿಯುತ್ತದೆ. ಅದು ಸಿಗರೇಟಿನ ತಂಬಾಕು. ಅದರ ಹೊಗೆಯಲ್ಲಿ ಹುಳಿ ಗುಣ ಇರುವುದರಿಂದ ನಿಕೋಟಿನ್ ಬಾಯಲ್ಲಿ ಅಷ್ಟಾಗಿ ಇಳಿಯುವುದಿಲ್ಲ, ದಮ್ಮು ಎಳೆದು ಶ್ವಾಸಕೋಶಕ್ಕೆ ಇಳಿಸಬೇಕು. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ಟಾ ಅಬಾಹೊ ಕಡೆ ಹೊರ ಎಲೆಯನ್ನು ಉರಿಯೇ ಹಾಕದೆ, ಮರದ ಕೊಟ್ಟಿಗೆಯಲ್ಲಿ ಗಳಕ್ಕೆ ನೇತುಹಾಕಿ, ಸುಮಾರು 50 ದಿನ ಬರೀ ಗಾಳಿಯಲ್ಲಿ ಒಣಗಿಸುತ್ತಾರೆ. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಆಮೇಲೆ ದೊಡ್ಡ ರಾಶಿ ಹಾಕಿ ಹುದುಗು ಬರಿಸುತ್ತಾರೆ, ರಾಶಿ ತಾನೇ ಬಿಸಿಯಾಗುತ್ತದೆ, ಅಮೋನಿಯಾ ಹೊರಗೆ ಹೋಗುತ್ತದೆ. ಇದರ ಹೊಗೆಗೆ ಕ್ಷಾರ ಗುಣ. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಹೋಗುತ್ತದೆ.

ಆದ್ದರಿಂದ ಸಿಗಾರ್ ಹೊಗೆಯನ್ನು ಒಳಗೆ ಎಳೆಯಬಾರದು. ಬಾಯಲ್ಲಿ ಇಟ್ಟುಕೊಂಡು ಬಿಡಬೇಕು, ಅಷ್ಟೇ. ಸಿಗರೇಟು ಸೇದಿ ಅಭ್ಯಾಸ ಇರುವವರಿಗೆ ಇದು ತುಂಬ ಕಷ್ಟ, ಅವರೇ ಮೊದಲ ದಿನ ಜಾಸ್ತಿ ಒದ್ದಾಡುವುದು. ನಿಮಿಷಕ್ಕೆ ಒಂದು ಸಲ ಎಳೆದರೆ ಸಾಕು. ತಲೆ ಸುತ್ತಿ ಹಣೆಯ ಮೇಲೆ ಬೆವರು ಬಂತು ಅಂದರೆ ನಿಕೋಟಿನ್ ಜಾಸ್ತಿಯಾಯಿತು ಅಂತ ಅರ್ಥ. ದುಡ್ಡು ಕೊಟ್ಟಿದ್ದೇನೆ ಅಂತ ಮುಗಿಸಲು ಹೋಗಬೇಡಿ, ಕೆಳಗಿಡಿ.

ಉದ್ದದ ಸಿಗಾರ್ ಹೊಸಬರಿಗೆ ಬೇಡ ಅನ್ನುವುದಕ್ಕೂ ಇದೇ ಕಾರಣ. ಸಿಗಾರ್ ಉರಿಯುತ್ತಾ ಬಂದ ಹಾಗೆ ಟಾರ್, ನಿಕೋಟಿನ್ ಉಳಿದ ಭಾಗದಲ್ಲಿ ಸೇರುತ್ತಾ ಹೋಗುತ್ತವೆ. ಮೊದಲ ಎರಡು ಇಂಚು ಹಿತವಾಗಿದ್ದದ್ದು ಕೊನೆಯ ಎರಡು ಇಂಚಿಗೆ ಬರುವಾಗ ಬೇರೆಯೇ ಆಗಿರುತ್ತದೆ. ಚರ್ಚಿಲ್ ಅಳತೆಯದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದ ಗಿರಾಕಿಗಳು ಎಷ್ಟೋ ಜನ.

ಚರ್ಚಿಲ್ ಅಂದಾಗ ನೆನಪಾಯಿತು. ಈ ಅಳತೆಗೆ ಹೆಸರು ಬಂದಿದ್ದು ವಿನ್‌ಸ್ಟನ್ ಚರ್ಚಿಲ್ ಅವರಿಂದ. 1895ರಲ್ಲಿ ಕ್ಯೂಬಾಕ್ಕೆ ಹೋಗಿದ್ದ ಮನುಷ್ಯ 1896ರಲ್ಲಿ ಬ್ರಿಟಿಷ್ ಸೇನೆಯ ಹುಸಾರ್ ಕುದುರೆ ದಳದ ಕಿರಿಯ ಅಧಿಕಾರಿಯಾಗಿ ನಮ್ಮ ಬೆಂಗಳೂರಿಗೇ ಬಂದರು. ಇಲ್ಲಿನ ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನಲ್ಲಿ 13 ರೂಪಾಯಿ ಬಾಕಿ ಇನ್ನೂ ಇದೆ. ಅವರು ದಿನವಿಡೀ ಸಿಗಾರ್ ಹಿಡಿದುಕೊಂಡಿದ್ದರು ಅಂತ ನೀವೂ ಹಿಡಿಯಬೇಕಾಗಿಲ್ಲ.

ನನಗೆ ಇಷ್ಟವಾದ ಉದಾಹರಣೆ ಕೆನಡಿ. 1962ರ ಫೆಬ್ರವರಿಯಲ್ಲಿ ಕ್ಯೂಬಾದ ವ್ಯಾಪಾರಕ್ಕೆ ನಿರ್ಬಂಧ ಹಾಕುವ ಮುಂಚೆ ಅಮೆರಿಕದ ಅಧ್ಯಕ್ಷರು ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಅವರನ್ನು ಕರೆದು, ಬೆಳಗಾಗುವುದರೊಳಗೆ ಸಾವಿರ ಸಿಗಾರ್ ಬೇಕು ಅಂದರಂತೆ. ಸಾಲಿಂಜರ್ 1200 ಹೊಂದಿಸಿ ತಂದರು, ಆಮೇಲೆ ಕೆನಡಿ ಆದೇಶಕ್ಕೆ ಸಹಿ ಹಾಕಿದರು. ಇದನ್ನು ಸಾಲಿಂಜರ್ ಅವರೇ ಮುಂದೆ ಬರೆದುಕೊಂಡಿದ್ದಾರೆ. ಎಲ್ಲರೂ ಈ ಕಥೆ ಹೇಳಿ ನಗುತ್ತಾರೆ, ನಾನು ನೋಡುವುದು ಬೇರೆ. ಬೇಕಾದ್ದು ತರಿಸಿಕೊಳ್ಳಬಲ್ಲ ಮನುಷ್ಯ ಕೇಳಿದ್ದು ಯಾವುದನ್ನು? ಪೆಟಿಟ್ ಅಪ್‌ಮನ್. ಸಣ್ಣ ಸಿಗಾರ್. ಕೆಲಸದ ನಡುವೆ ಮುಗಿಸುವಂಥದ್ದು.

ಸಣ್ಣದು ಅಂದೆ ಅಂತ ಟಿನ್ ಡಬ್ಬಿಯಲ್ಲಿ ಬರುವ ವೆನಿಲ್ಲಾ, ಚೆರ್ರಿ ಪರಿಮಳದ ಕಡ್ಡಿಗಳನ್ನು ಕೊಳ್ಳಬೇಡಿ. ಅವು ಮೆಷಿನ್ನಿನಲ್ಲಿ ಮಾಡಿದ್ದು, ಒಳಗೆ ಪುಡಿ ಎಲೆ. ನಾನು ಬೀಡಿ ಕಟ್ಟುವ ಮನೆಗಳ ನಡುವೆ ಬೆಳೆದವನು, ಪುಡಿ ಹೊಗೆಸೊಪ್ಪು ಹೇಗೆ ಉರಿಯುತ್ತದೆ ಅಂತ ಗೊತ್ತು: ಬೇಗ, ಬಿಸಿಯಾಗಿ. ಒಳ್ಳೆಯ ಸಿಗಾರಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ ಉದ್ದನೆಯ ಇಡೀ ಎಲೆಗಳೇ ಇರುತ್ತವೆ, ಅದಕ್ಕೆ ಲಾಂಗ್ ಫಿಲ್ಲರ್ ಅನ್ನುತ್ತಾರೆ. ಅದರ ಮೇಲೆ ಹಿಡಿದಿಡುವ ಒಂದು ಎಲೆ, ಅದರ ಮೇಲೆ ಚಂದದ ಹೊರ ಎಲೆ, ಬಾಯಿಗೆ ಇಡುವ ಕಡೆ ಸಣ್ಣ ಟೊಪ್ಪಿ. ಕೈಯಲ್ಲಿ ಸುತ್ತಿದ್ದು, ಲಾಂಗ್ ಫಿಲ್ಲರ್, ಈ ಎರಡು ಇಲ್ಲದಿದ್ದರೆ ಹೊರಗೆ ಬನ್ನಿ. ಸುತ್ತುವವರ ಬಗ್ಗೆ ಹೇಳಲೇಬೇಕಾದ ಒಂದು ಮಾತು, 1865ರ ಸುಮಾರಿನಿಂದ ಹವಾನಾದ ಕಾರ್ಖಾನೆಗಳಲ್ಲಿ ಒಬ್ಬರು ಎತ್ತರದಲ್ಲಿ ಕೂತು ಕೆಲಸಗಾರರಿಗೆ ಪತ್ರಿಕೆ, ಕಾದಂಬರಿ ಓದಿ ಹೇಳುವ ಪದ್ಧತಿ ಬೆಳೆದು ಬಂದಿದೆ. ನಮ್ಮೂರಿನ ಬೀಡಿ ಕಟ್ಟುವ ಅಕ್ಕಂದಿರಿಗೆ ಇಂಥದ್ದು ಯಾರೂ ಮಾಡಿಕೊಡಲಿಲ್ಲ, ಅವರು ರೇಡಿಯೋ ಹಾಕಿಕೊಂಡರು.

ಈಗ ನೇರ ಸಲಹೆ. ಮೊದಲ ಸಲಕ್ಕೆ ಪೆಟಿಟ್ ಕರೋನಾ ಅಥವಾ ರೋಬುಸ್ಟೋ. ಕ್ಯೂಬನ್ನೇ ಆಗಬೇಕು ಅಂತ ಹಟ ಬೇಡ. ಡೊಮಿನಿಕನ್ ರಿಪಬ್ಲಿಕ್‌ನ ಕನೆಕ್ಟಿಕಟ್ ಎಲೆಯ ಮೆದು ಸಿಗಾರ್, ಉದಾಹರಣೆಗೆ ಮಕನುಡೊ ಥರದ್ದು, ಹೊಸಬರ ಕೈಗೆ ನಾನು ಕೊಡುತ್ತಿದ್ದೆ. ಅದು ಸಪ್ಪೆ ಅನ್ನಿಸಿದರೆ ಮುಂದಿನದು ಮದುರೊ, ಅಳತೆ ಮಾತ್ರ ಅದೇ ಇರಲಿ. ಅಳತೆ, ಎಲೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಬಾಕ್ಸ್ ಕೊಳ್ಳಬೇಡಿ, ಒಂದು ಕೊಳ್ಳಿ. ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಸ್ವಲ್ಪ ಬಗ್ಗಬೇಕು, ಕರಕರ ಅನ್ನಬಾರದು, ನಡುವೆ ಗಂಟು ಇರಬಾರದು. ತುದಿ ಚೂಪಾದ ಟಾರ್ಪಿಡೊ ಬೇಕಿದ್ದರೆ ಆಮೇಲೆ ನೋಡಿದರಾಯಿತು. ಊಟ ಮಾಡಿ ಸೇದಿ. ಕತ್ತರಿಸುವಾಗ ಟೊಪ್ಪಿಯ ಮೇಲ್ಭಾಗ ಮಾತ್ರ, ಎರಡು ಮಿಲಿಮೀಟರ್ ಸಾಕು. ಅದಕ್ಕಿಂತ ಕೆಳಗೆ ಹೋದರೆ ಹೊರ ಎಲೆ ಬಿಚ್ಚಿಕೊಳ್ಳುತ್ತದೆ.

ಇಡುವುದು ಹೇಗೆ ಅಂತ ನಿಮ್ಮ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ಸಿಗಾರಿಗೆ 65ರಿಂದ 70 ಶೇಕಡಾ ತೇವ ಬೇಕು, 18ರಿಂದ 21 ಡಿಗ್ರಿ ಇದ್ದರೆ ಒಳ್ಳೆಯದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹೊರಗಿಟ್ಟರೆ ಬೂಸಲು, ಹಚ್ಚಿದರೂ ಉರಿಯುವುದಿಲ್ಲ. ಬೆಂಗಳೂರಿನ ಫೆಬ್ರವರಿಯಲ್ಲಿ ಒಣಗಿ ಹೊರ ಎಲೆ ಸೀಳುತ್ತದೆ. ಫ್ರಿಜ್ಜಿನಲ್ಲಿ ಇಡಲೇಬೇಡಿ, ಒಣಗುವುದರ ಜೊತೆಗೆ ನಿನ್ನೆಯ ಸಾರಿನ ವಾಸನೆಯೂ ಹಿಡಿಯುತ್ತದೆ. ದುಬಾರಿ ಮರದ ಪೆಟ್ಟಿಗೆ ಮೊದಲಿಗೆ ಬೇಕಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಕಾಯುವ ಸಣ್ಣ ಪ್ಯಾಕೆಟ್ ಒಂದು, ಸಾಕು. ಮನೆಯ ತಂಪಾದ ಮೂಲೆಯಲ್ಲಿಡಿ, ಸೆಖೆ ಜಾಸ್ತಿಯಾದರೆ ಎಲೆಯೊಳಗಿನ ಮೊಟ್ಟೆಯಿಂದ ಹುಳ ಎದ್ದು ಸೂಜಿ ಚುಚ್ಚಿದ ಹಾಗೆ ತೂತು ಮಾಡುತ್ತದೆ.

ಇಷ್ಟೆಲ್ಲ ಬರೆದೆ ಅಂತ ಸಿಗಾರ್ ನಿರಪಾಯ ಅಂದುಕೊಳ್ಳಬಾರದು. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಒಳಗೆ ಎಳೆಯದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಇದ್ದೇ ಇದೆ. ತಂಬಾಕು ಮುಟ್ಟದವರು ಹಾಗೆಯೇ ಇರಲಿ, ಈ ಪತ್ರ ಅವರಿಗಲ್ಲ. ನಮ್ಮ ರಾಜ್ಯದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಪಾರ್ಟಿಯ ಫೋಟೋದಲ್ಲಿ ನೀವು ಹಾಕಿದ್ದ ಮುಖಗಳು ಅದಕ್ಕಿಂತ ಚಿಕ್ಕವಾಗಿ ಕಂಡವು.

ವಿದೇಶದಿಂದ ತರಿಸುವವರಿಗೆ ಒಂದು ಮಾತು. ಹವಾನಾದ ಬೀದಿಯಲ್ಲಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ನೆಂಟರು ತಂದದ್ದು ಅಂತ ಅರ್ಧ ಬೆಲೆಗೆ ಮಾರುವ ಕೊಹಿಬಾ (ಕ್ಯೂಬಾದ ಹೆಸರುವಾಸಿ ಬ್ರ್ಯಾಂಡು) ಸಾಮಾನ್ಯವಾಗಿ ನಕಲಿ. ಮುಚ್ಚಳಕ್ಕೆ ಗಾಜು ಹಾಕಿದ ಕೊಹಿಬಾ ಬಾಕ್ಸ್ ಕಂಡರೆ ಮುಟ್ಟಲೂ ಬೇಡಿ. ಅಮೆರಿಕದಲ್ಲಿರುವ ಅಣ್ಣನೋ ಭಾವನೋ ಅಲ್ಲಿನ ಅಂಗಡಿಯಿಂದ ಕೊಹಿಬಾ ತಂದರೆ ಅದು ನಕಲಿಯಲ್ಲ, ಆದರೆ ಕ್ಯೂಬಾದ್ದೂ ಅಲ್ಲ. ಅಲ್ಲಿ ಅದೇ ಹೆಸರಿನಲ್ಲಿ ಬೇರೆ ಕಂಪನಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಮಾಡಿಸುತ್ತದೆ, ಹೆಸರಿನ ಓ ಅಕ್ಷರದ ಒಳಗೆ ಕೆಂಪು ಚುಕ್ಕೆ ಇರುತ್ತದೆ. ಚೆನ್ನಾಗಿಯೇ ಇರುತ್ತದೆ, ಸುಮ್ನೆ ಕ್ಯೂಬನ್ ಅಂತ ಊರೆಲ್ಲ ಹೇಳಿಕೊಂಡು ಬರಬೇಡಿ. ತರುವವರು ಸುಂಕವಿಲ್ಲದೆ ತರಬಹುದಾದ್ದು ಒಬ್ಬರಿಗೆ 25 ಸಿಗಾರ್. ಅದರ ಮೇಲೆ ಒಂದು ಜಾಸ್ತಿಯಿದ್ದರೂ ಕಸ್ಟಮ್ಸ್‌ನವರ ಮುಂದೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇತಿ ನಿಮ್ಮ ಹಳೆಯ ಓದುಗ,
ಕುಂದಾಪುರ